ಇಂದಿನ ಧಮ್ಮ ಚಿಂತನೆ: ಕಡಲೆಕಾಯಿ ಗಿಡದ ಮುಂದೆ ಬೆರಗಾದವರು





ಇಂದು ಜನವರಿ 5. 1943ರ ಇದೇ ದಿನ ಅಮೆರಿಕದ ಅಲಬಾಮಾ ರಾಜ್ಯದ ಟಸ್ಕೆಗೀ ಎಂಬ ಊರಿನಲ್ಲಿ ವಯಸ್ಸಾದ ಮೇಷ್ಟ್ರೊಬ್ಬರು ತೀರಿಕೊಂಡರು. ಅವರ ಹೆಸರು ಜಾರ್ಜ್ ವಾಷಿಂಗ್ಟನ್ ಕಾರ್ವರ್. ಗುಲಾಮಳ ಮಗನಾಗಿ ಹುಟ್ಟಿ ಕೃಷಿ ವಿಜ್ಞಾನಿಯಾದವರು. ಕಡಲೆಕಾಯಿ ವಿಜ್ಞಾನಿ ಎಂದು ನಿಮ್ಮಲ್ಲಿ ಹಲವರು ಅವರ ಬಗ್ಗೆ ಓದಿರುತ್ತೀರಿ.

ಕಾರ್ವರ್ ಕೊನೆಯವರೆಗೂ ಕ್ರೈಸ್ತರಾಗಿದ್ದರು. ಸೃಷ್ಟಿಕರ್ತನನ್ನು ಒಪ್ಪದ ಧಮ್ಮ ನಮ್ಮದು. ಹಾಗಿದ್ದರೂ ಇವತ್ತಿನ ಚಿಂತನೆಗೆ ಅವರ ಬದುಕನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಹೋದ ತಿಂಗಳು ನಮ್ಮ ಬಳಗದಲ್ಲಿ ತ್ರಿಸರಣ ಪಂಚಶೀಲ ಮುಗಿದ ಮೇಲೆ, ಡಿಗ್ರಿ ಓದುವ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು. ದೇವರನ್ನು ಬಿಟ್ಟೆವು, ಒಳ್ಳೆಯದೇ ಆಯಿತು. ಆದರೆ ಬೆಳಗಾದರೆ ಸೂರ್ಯನಿಗೆ ಕೈಮುಗಿಯುತ್ತಿದ್ದ ನನ್ನ ಅಜ್ಜಿಯ ಮುಖದಲ್ಲಿ ಏನೋ ಒಂದು ಇತ್ತು, ಅದು ನಮ್ಮ ಮನೆಯಲ್ಲಿ ಈಗ ಯಾರ ಮುಖದಲ್ಲೂ ಇಲ್ಲ, ಅದನ್ನೂ ಬಿಡಬೇಕಿತ್ತಾ ಸರ್ ಎಂದಳು. ಅವತ್ತು ನನಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಯೋಚಿಸುತ್ತಾ ಕೂತಾಗ ಕಾರ್ವರ್ ನೆನಪಾದರು.

*ಹೆಸರಿಲ್ಲದ ಮಗು*

ಕಾರ್ವರ್ ಹುಟ್ಟಿದ ದಿನ ಅವರಿಗೇ ಗೊತ್ತಿರಲಿಲ್ಲ. ಗುಲಾಮರ ಮಕ್ಕಳ ಹುಟ್ಟನ್ನು ಯಾರು ಬರೆದಿಡುತ್ತಾರೆ? 1864ರ ಆಸುಪಾಸು ಎಂದು ಊಹಿಸುತ್ತಾರೆ. ಮಿಸೌರಿ ರಾಜ್ಯದ ಡೈಮಂಡ್ ಎಂಬ ಹಳ್ಳಿಯ ಹತ್ತಿರ ಮೋಸೆಸ್ ಕಾರ್ವರ್ ಎಂಬ ಬಿಳಿಯ ರೈತ ಇದ್ದ. ಅವನು 1855ರಲ್ಲಿ 700 ಡಾಲರ್ ಕೊಟ್ಟು ಮೇರಿ ಎಂಬ ಹುಡುಗಿಯನ್ನು ಕೊಂಡುಕೊಂಡಿದ್ದ. ಆಕೆಯ ಮಗ ಜಾರ್ಜ್. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ದರೋಡೆಕೋರರ ಗುಂಪೊಂದು ನುಗ್ಗಿ ತಾಯಿಯನ್ನೂ ಕೈಗೂಸನ್ನೂ ಎತ್ತಿಕೊಂಡು ಹೋಯಿತು. ಒಡೆಯ ಹುಡುಕಲು ಆಳು ಕಳಿಸಿದ. ಮಗು ಮಾತ್ರ ಸಿಕ್ಕಿತು. ತಾಯಿ ಮತ್ತೆಂದೂ ಸಿಗಲಿಲ್ಲ. ಮಗುವನ್ನು ಹುಡುಕಿ ತಂದವನಿಗೆ ಇನಾಮಾಗಿ ಒಂದು ಕುದುರೆ ಕೊಟ್ಟರಂತೆ.

ನಾಯಿಕೆಮ್ಮಿನಿಂದ ಬಡಕಲಾಗಿದ್ದ ಹುಡುಗ ಹೊಲದ ಕೆಲಸಕ್ಕೆ ಬರುವಂತಿರಲಿಲ್ಲ. ಒಡತಿ ಸೂಸನ್ ಅವನಿಗೆ ಅಡಿಗೆ, ಬಟ್ಟೆ ಒಗೆಯುವುದು, ಹೊಲಿಗೆ, ಕೈತೋಟದ ಕೆಲಸ ಕಲಿಸಿದಳು. ಬಿಡುವಾದಾಗಲೆಲ್ಲ ಹುಡುಗ ಕಾಡಿಗೆ ಓಡುತ್ತಿದ್ದ. ಪೊದೆಗಳ ಮರೆಯಲ್ಲಿ ಯಾರಿಗೂ ಕಾಣದಂತೆ ತನ್ನದೇ ಒಂದು ಪುಟ್ಟ ತೋಟ ಮಾಡಿಕೊಂಡಿದ್ದ. ಹೂವಿನ ಹುಚ್ಚು ಎಂದು ಜನ ನಗಬಾರದೆಂದು ಆ ಮರೆ. ಕಾಯಿಲೆ ಬಿದ್ದ ಗಿಡಗಳನ್ನು ನೆರೆಹೊರೆಯವರು ಅವನ ಹತ್ತಿರ ತರತೊಡಗಿದರು. ಅವನು ಗಿಡಗಳ ಡಾಕ್ಟರಾದ.

ಸುಮಾರು ಹತ್ತು ವರ್ಷವಿದ್ದಾಗ ನೆರೆಯ ಬಿಳಿಯ ಹುಡುಗನೊಬ್ಬ ತಾನು ಭಾನುವಾರದ ಪಾಠಕ್ಕೆ ಹೋಗುವುದಾಗಿಯೂ, ಅಲ್ಲಿ ಪ್ರಾರ್ಥನೆ ಮಾಡುವುದಾಗಿಯೂ ಹೇಳಿದ. ಪ್ರಾರ್ಥನೆ ಎಂದರೇನೆಂದು ಇವನಿಗೆ ಗೊತ್ತಿಲ್ಲ. ಜೋಳ ಬಿಡಿಸುತ್ತಿದ್ದ ಅಟ್ಟದ ಮೇಲೆ ಹತ್ತಿ, ಜೋಳದ ಪೀಪಾಯಿಯ ಪಕ್ಕ ಮೊಣಕಾಲೂರಿ, ತನಗೆ ತೋಚಿದಂತೆ ಮಾತಾಡಿದ. ಕಾರ್ವರ್ ಅವರ ಕ್ರೈಸ್ತ ಶ್ರದ್ಧೆ ಶುರುವಾದದ್ದು ಅಲ್ಲಿ. ಪಾದ್ರಿ ಇರಲಿಲ್ಲ, ಗುಡಿ ಇರಲಿಲ್ಲ, ಧರ್ಮಗ್ರಂಥ ಓದಲು ಅಕ್ಷರವೂ ಸರಿಯಾಗಿ ಬರುತ್ತಿರಲಿಲ್ಲ.

*ಅಕ್ಷರದ ದಾರಿ*

ಗುಲಾಮಗಿರಿ ಕಾನೂನಿನಲ್ಲಿ ಮುಗಿದಿತ್ತು. ಆದರೂ ಹಳ್ಳಿಯ ಶಾಲೆ ಕಪ್ಪು ಮಕ್ಕಳಿಗೆ ಬಾಗಿಲು ಹಾಕಿತು. ನಿಯೋಶೋ ಎಂಬ ಪಟ್ಟಣದಲ್ಲಿ ಕಪ್ಪು ಮಕ್ಕಳ ಶಾಲೆ ಇದೆಯೆಂದು ಕೇಳಿ ಹುಡುಗ ಒಬ್ಬನೇ ನಡೆದು ಹೋದ. ಅಲ್ಲಿ ಆಸರೆ ಕೊಟ್ಟವಳು ಮರಾಯಾ ವಾಟ್ಕಿನ್ಸ್ ಎಂಬ ಕಪ್ಪು ಹೆಂಗಸು. ಬಟ್ಟೆ ಒಗೆದು, ಸೂಲಗಿತ್ತಿಯಾಗಿ ದುಡಿದು ಬದುಕುತ್ತಿದ್ದವಳು. ಹೆಸರೇನೆಂದು ಕೇಳಿದ್ದಕ್ಕೆ ಹುಡುಗ, ತಾನು ಕಾರ್ವರನ ಜಾರ್ಜ್ ಎಂದ. ಗುಲಾಮರು ಹಾಗೆಯೇ ಹೇಳುವುದು ರೂಢಿ. ಇನ್ನು ಮೇಲೆ ಜಾರ್ಜ್ ಕಾರ್ವರ್ ಎಂದು ಹೇಳು ಎಂದು ಆಕೆ ತಿದ್ದಿದಳು. ಇಂಥವರ ಮನೆ ಆಳಿನ ಮಗ ಎಂದೇ ಕರೆಸಿಕೊಂಡು ಬೆಳೆದ ನಮ್ಮ ಹಿರಿಯರಿಗೆ ಆ ಒಂದು ತಿದ್ದುಪಡಿಯ ಬೆಲೆ ಗೊತ್ತು. ಚೆನ್ನಾಗಿ ಓದಿ, ಓದಿದ್ದನ್ನು ನಿನ್ನ ಜನರಿಗೆ ಹಿಂತಿರುಗಿಸಿ ಕೊಡು ಎಂದೂ ಅವಳು ಹೇಳಿಕೊಟ್ಟಳು. ಅವಳು ಕೊಟ್ಟ ಬೈಬಲನ್ನು ಕಾರ್ವರ್ ಜೀವನಪೂರ್ತಿ ಇಟ್ಟುಕೊಂಡರು.

ಮುಂದೆ ಕ್ಯಾನ್ಸಸ್ ರಾಜ್ಯದಲ್ಲಿ ಊರಿಂದೂರಿಗೆ ಅಲೆದಾಟ. 1879ರಲ್ಲಿ ಫೋರ್ಟ್ ಸ್ಕಾಟ್ ಎಂಬ ಊರಿನಲ್ಲಿ ಬಿಳಿಯರ ಗುಂಪು ಕಪ್ಪು ಮನುಷ್ಯನೊಬ್ಬನನ್ನು ಜೈಲಿನಿಂದ ಎಳೆದು ತಂದು ಕೊಂದದ್ದನ್ನು ಹುಡುಗ ಕಣ್ಣಾರೆ ಕಂಡ. ಅಲ್ಲಿ ನಿಲ್ಲಲಾರದೆ ಊರು ಬಿಟ್ಟ. ಕಾಲೇಜೊಂದು ಅಂಚೆಯಲ್ಲಿ ಸೀಟು ಕೊಟ್ಟಿತು. ಬಾಗಿಲಿಗೆ ಹೋಗಿ ನಿಂತಾಗ ಚರ್ಮದ ಬಣ್ಣ ನೋಡಿ ವಾಪಸ್ ಕಳಿಸಿತು. ಬಯಲಲ್ಲಿ ಹುಲ್ಲುಮಣ್ಣಿನ ಹೆಂಟೆಗಳಿಂದ ಮನೆ ಕಟ್ಟಿಕೊಂಡು ಕೆಲ ಕಾಲ ಒಕ್ಕಲುತನ ಮಾಡಿದ್ದೂ ಉಂಟು.

ಕೊನೆಗೆ 1890ರಲ್ಲಿ ಅಯೋವಾ ರಾಜ್ಯದ ಸಿಂಪ್ಸನ್ ಕಾಲೇಜು ಸೇರಿಸಿಕೊಂಡಿತು. ಶುಲ್ಕ ಕಟ್ಟಿದ ಮೇಲೆ ಕೈಯಲ್ಲಿ ಉಳಿದದ್ದು 10 ಸೆಂಟ್. ಐದು ಸೆಂಟಿಗೆ ಮೆಕ್ಕೆಜೋಳದ ಹಿಟ್ಟು, ಐದು ಸೆಂಟಿಗೆ ದನದ ಕೊಬ್ಬು ತಂದು ಒಂದು ವಾರ ಕಳೆದರು. ಸಹಪಾಠಿಗಳ ಬಟ್ಟೆ ಒಗೆದು ಓದಿದರು. ತಾನೂ ಮನುಷ್ಯ ಎಂದು ಮೊದಲು ಅನಿಸಿದ್ದು ಆ ಕಾಲೇಜಿನಲ್ಲಿ ಎಂದು ಮುಂದೆ ಅವರು ನೆನೆಯುತ್ತಿದ್ದರು. ಅಲ್ಲಿ ಚಿತ್ರಕಲೆ ಕಲಿತರು. ಇವರು ಬಿಡಿಸುತ್ತಿದ್ದುದೆಲ್ಲ ಗಿಡ, ಹೂವು. ಅವರ ಗಿಡದ ಚಿತ್ರವೊಂದು 1893ರ ಷಿಕಾಗೋ ವಿಶ್ವ ಮೇಳದಲ್ಲಿ ಮೆಚ್ಚುಗೆ ಪಡೆಯಿತು. ಚಿತ್ರ ಬಿಡಿಸಿ ಹೊಟ್ಟೆ ತುಂಬುವುದಿಲ್ಲ ಎಂದು ಯೋಚಿಸಿದ ಗುರು ಎಟಾ ಬಡ್, 1891ರಲ್ಲಿ ಅವರನ್ನು ಏಮ್ಸ್ ಪಟ್ಟಣದ ಕೃಷಿ ಕಾಲೇಜಿಗೆ ಕಳಿಸಿದರು.

ಅಲ್ಲಿ ಅವರು ಮೊದಲ ಕಪ್ಪು ವಿದ್ಯಾರ್ಥಿ. ಊಟದ ಮನೆಯಲ್ಲಿ ಬಿಳಿಯ ಹುಡುಗರ ಜೊತೆ ಕೂರುವಂತಿಲ್ಲ, ನೆಲಮಾಳಿಗೆಯಲ್ಲಿ ಆಳುಗಳ ಜೊತೆ ಉಣ್ಣಬೇಕು. ಸುದ್ದಿ ಕೇಳಿದ ಹಳೆಯ ಊರಿನ ಬಿಳಿಯ ಹೆಂಗಸೊಬ್ಬಳು ಒಳ್ಳೆಯ ಉಡುಪು ತೊಟ್ಟು ಅಲ್ಲಿಗೇ ಬಂದು, ನೆಲಮಾಳಿಗೆಯಲ್ಲಿ ಅವರ ಪಕ್ಕ ಕೂತು ಊಟ ಮಾಡಿದಳು. ಆಮೇಲೆ ಪರಿಸ್ಥಿತಿ ಸ್ವಲ್ಪ ಸಡಿಲವಾಯಿತು. 1894ರಲ್ಲಿ ಪದವಿ, 1896ರಲ್ಲಿ ಸ್ನಾತಕೋತ್ತರ ಪದವಿ. ಗಿಡಗಳಿಗೆ ತಗಲುವ ಶಿಲೀಂಧ್ರ ರೋಗಗಳಲ್ಲಿ ಪರಿಣತಿ.

*ಬೆಳಗಿನ ನಾಲ್ಕು ಗಂಟೆ*

1896ರಲ್ಲಿ ಬುಕರ್ ಟಿ. ವಾಷಿಂಗ್ಟನ್ ಅವರ ಕರೆಗೆ ಓಗೊಟ್ಟು ಟಸ್ಕೆಗೀ ಸಂಸ್ಥೆಗೆ ಬಂದರು. ಕಪ್ಪು ಜನರೇ ನಡೆಸುತ್ತಿದ್ದ ವಿದ್ಯಾಸಂಸ್ಥೆ ಅದು. ಸಾಯುವವರೆಗೆ ಇದ್ದದ್ದು ಅಲ್ಲೇ. ಪ್ರಯೋಗಾಲಯ ಎಂಬುದೇ ಇರಲಿಲ್ಲ. ವಿದ್ಯಾರ್ಥಿಗಳನ್ನು ಕರೆದುಕೊಂಡು ತಿಪ್ಪೆಗಳಲ್ಲಿ ಒಡೆದ ಬಾಟಲಿ, ಹಳೇ ಪಾತ್ರೆ, ತಂತಿ ಆಯ್ದು ತಂದು ಪ್ರಯೋಗಾಲಯ ಮಾಡಿಕೊಂಡರು.

ಸುತ್ತಲಿನ ನೆಲ ಹತ್ತಿ ಬೆಳೆದೂ ಬೆಳೆದೂ ಸತ್ತುಹೋಗಿತ್ತು. ಆ ಹತ್ತಿಯನ್ನು ತಲೆಮಾರುಗಳಿಂದ ಬೆಳೆದವರು ಗುಲಾಮರು. ಈಗ ಅದೇ ಜನ ಪಾಲಿಗೆ ಹೊಲ ಮಾಡಿ, ಸಾಲದಲ್ಲಿ ಮುಳುಗಿ, ಒಣ ಹಿಟ್ಟು ತಿಂದು ಬದುಕುತ್ತಿದ್ದರು. ಕಾರ್ವರ್ ಅವರಿಗೆ ಅಲಸಂದೆ, ಗೆಣಸು, ಕಡಲೆಕಾಯಿ ಬೆಳೆಯಲು ಕಲಿಸಿದರು. ಅಲಸಂದೆ, ಕಡಲೆಕಾಯಿಗಳ ಬೇರಿನ ಗಂಟುಗಳಲ್ಲಿ ಸೂಕ್ಷ್ಮಜೀವಿಗಳಿವೆ. ಅವು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುತ್ತವೆ. ಗೊಬ್ಬರ ಕೊಳ್ಳಲಾಗದ ಬಡವನಿಗೆ ಗಿಡವೇ ಗೊಬ್ಬರದ ಅಂಗಡಿ. ಬಡವರಿಗೆ ಅರ್ಥವಾಗುವ ಸರಳ ಭಾಷೆಯಲ್ಲಿ 44 ಕಿರುಪುಸ್ತಿಕೆ ಬರೆದರು. 1916ರಲ್ಲಿ ಬಂದ ಕಡಲೆಕಾಯಿಯ ಪುಸ್ತಿಕೆಯಲ್ಲಿ ಬೆಳೆಯುವ ವಿಧಾನದ ಜೊತೆಗೆ 105 ಬಗೆಯ ತಿನಿಸುಗಳ ವಿವರವಿತ್ತು. 1906ರಲ್ಲಿ ಶಾಲೆಯನ್ನೇ ಗಾಡಿಗೆ ಹೇರಿ ಹಳ್ಳಿಹಳ್ಳಿಗೆ ಕಳಿಸುವ ವ್ಯವಸ್ಥೆ ಮಾಡಿದರು.

ಇಷ್ಟೆಲ್ಲ ಕೆಲಸದ ನಡುವೆ ಒಂದು ನಿಯಮವನ್ನು ಅವರು ಬಿಡಲಿಲ್ಲ. ಬೆಳಗಿನ ನಾಲ್ಕು ಗಂಟೆಗೆ ಎದ್ದು ಒಬ್ಬರೇ ಕಾಡಿಗೆ ಹೋಗುವುದು. ಹೆಗಲಿಗೆ ಗಿಡದ ಮಾದರಿ ತುಂಬುವ ಡಬ್ಬಿ. ಮಾತಿಲ್ಲ. ಗಿಡ, ಕಲ್ಲು, ಅಣಬೆ ಏನು ಕಂಡರೂ ನಿಂತು ನೋಡುವುದು, ಕೈಗೆತ್ತಿಕೊಳ್ಳುವುದು. ಅದೇ ಅವರ ಪ್ರಾರ್ಥನೆ. ಪ್ರಕೃತಿಯನ್ನು ದೇವರ ರೇಡಿಯೋ ಎಂದು ಭಾವಿಸಿದ್ದರು. ದೇವರು ಸದಾ ಮಾತಾಡುತ್ತಲೇ ಇರುತ್ತಾನೆ, ಕಿವಿಗೊಡುವವರು ಬೇಕು ಎಂಬುದು ಅವರ ಅನುಭವ. ಕಾಡಿನಿಂದ ಬಂದು ಕೋಟಿಗೆ ಒಂದು ಹೂ ಸಿಕ್ಕಿಸಿಕೊಂಡು ತರಗತಿಗೆ ಹೋಗುತ್ತಿದ್ದರು. ಭಾನುವಾರ ಸಂಜೆ ವಿದ್ಯಾರ್ಥಿಗಳಿಗೆ ಬೈಬಲ್ ಪಾಠ. ಸುಮಾರು ಮೂವತ್ತು ವರ್ಷ ಅದನ್ನು ನಡೆಸಿದರು. ಕಲ್ಲಿನ ಚೂರು, ಬೇರು, ಹೂವು ಹಿಡಿದುಕೊಂಡೇ ಅವರ ಬೋಧನೆ.

ಬೆರಗು ತಾನಾಗಿ ಉಳಿಯುವುದಿಲ್ಲ ಬಂಧುಗಳೇ. ಮಗುವಾಗಿದ್ದಾಗ ಎಲ್ಲರಲ್ಲೂ ಇರುತ್ತದೆ. ಆಮೇಲೆ ಸಂಬಳ, ಸಾಲ, ಅವಮಾನ ಎಲ್ಲ ಸೇರಿ ಅದನ್ನು ಒಣಗಿಸುತ್ತವೆ. ಕಾರ್ವರ್ ತಮ್ಮ ಶ್ರದ್ಧೆ ಒಣಗದಂತೆ ದಿನಾ ನೀರು ಹಾಕುತ್ತಿದ್ದರು.

*ಬೆರಗಿಗೆ ಬಿದ್ದ ಪೆಟ್ಟುಗಳು*

ಇದನ್ನು ಓದಿ, ಸುಖವಾಗಿದ್ದವರ ಪುರಾಣ ಎಂದುಕೊಳ್ಳಬೇಡಿ. 1902ರ ನವೆಂಬರಿನಲ್ಲಿ ಅಲಬಾಮಾದ ರೇಮರ್ ಎಂಬ ಊರಿನ ಶಾಲೆ ನೋಡಲು ಕಾರ್ವರ್ ಹೋಗಿದ್ದರು. ಅದೇ ಸಮಯಕ್ಕೆ ಛಾಯಾಗ್ರಾಹಕಿಯಾಗಿದ್ದ ಬಿಳಿಯ ಹೆಂಗಸೊಬ್ಬಳೂ ಅಲ್ಲಿಗೆ ಬಂದಿದ್ದಳು. ಕಪ್ಪು ಶಿಕ್ಷಕನೊಬ್ಬ ಅವಳನ್ನು ಗಾಡಿಯಲ್ಲಿ ಕರೆತಂದ ಎಂಬುದೇ ಅಪರಾಧವಾಯಿತು. ಬಿಳಿಯರು ಗುಂಡು ಹಾರಿಸಿದರು. ಶಿಕ್ಷಕ ಊರು ಬಿಟ್ಟು ಓಡಿದ. ಕಾರ್ವರ್ ಜೀವ ಉಳಿಸಿಕೊಳ್ಳಲು ರಾತ್ರಿಯಿಡೀ ನಡೆದರು. ತನ್ನ ಬದುಕಿನ ಅತ್ಯಂತ ಭಯದ ಅನುಭವ ಅದು ಎಂದು ಅವರೇ ಪತ್ರದಲ್ಲಿ ತಿಳಿಸಿದ್ದಾರೆ.

1921ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕಡಲೆಕಾಯಿ ಬೆಳೆಗಾರರ ಪರವಾಗಿ ಮಾತಾಡಲು ಹೋದರು. ಕೊಟ್ಟ ಸಮಯ ಹತ್ತು ನಿಮಿಷ. ಸದಸ್ಯನೊಬ್ಬ ಕಪ್ಪು ಜನರನ್ನು ಹೀಯಾಳಿಸುವ ಕಲ್ಲಂಗಡಿ ಹಣ್ಣಿನ ನಗೆಮಾತು ಆಡಿದ. ಕಾರ್ವರ್ ತಮ್ಮ ವಿಷಯ ಬಿಟ್ಟು ಕದಲಲಿಲ್ಲ. ಪೆಟ್ಟಿಗೆಯಿಂದ ಒಂದೊಂದೇ ವಸ್ತು ತೆಗೆದು ತೋರಿಸುತ್ತಾ ಹೋದರು. ಸಮಿತಿ ಸಮಯ ವಿಸ್ತರಿಸುತ್ತಾ ಹೋಗಿ, ಕೊನೆಗೆ ಎಷ್ಟು ಬೇಕಾದರೂ ಮಾತಾಡಿ ಎಂದಿತು.

ಮತ್ತೊಂದು ಪೆಟ್ಟು ವಿಜ್ಞಾನದ ಕಡೆಯಿಂದ ಬಂತು. 1924ರಲ್ಲಿ ನ್ಯೂಯಾರ್ಕಿನ ಚರ್ಚೊಂದರಲ್ಲಿ ಮಾತಾಡುತ್ತಾ, ತನ್ನ ಪ್ರಯೋಗಾಲಯಕ್ಕೆ ಪುಸ್ತಕ ಒಯ್ಯುವುದಿಲ್ಲ, ದೇವರ ಪ್ರೇರಣೆಯೇ ದಾರಿ ತೋರಿಸುತ್ತದೆ ಎಂಬರ್ಥದ ಮಾತು ಆಡಿದರು. ನ್ಯೂಯಾರ್ಕ್ ಟೈಮ್ಸ್ ಸಂಪಾದಕೀಯ ಬರೆದು, ವಿಜ್ಞಾನಿಗಳು ಹೀಗೆ ಮಾತಾಡುವುದಿಲ್ಲ ಎಂದು ಟೀಕಿಸಿತು. ಕಾರ್ವರ್ ಉತ್ತರ ಬರೆದರು. ತಾನು ಯಾವ ಗುರುಗಳಲ್ಲಿ ಓದಿದೆ, ಯಾವ ಪುಸ್ತಕ ಓದಿದೆ ಎಂದು ವಿವರಿಸಿ, ಪ್ರೇರಣೆಯೂ ಅಧ್ಯಯನವೂ ಒಂದಕ್ಕೊಂದು ಶತ್ರುವಲ್ಲ ಎಂದು ಸ್ಪಷ್ಟಪಡಿಸಿದರು.

ಇಲ್ಲಿ ನಾವು ಪತ್ರಿಕೆಯನ್ನು ಸುಮ್ಮನೆ ಬೈಯುವಂತಿಲ್ಲ. ಬಂದು ನೋಡು, ಪರೀಕ್ಷಿಸು ಎಂದು ಕರೆಯುವ ಎಹಿಪಸ್ಸಿಕೊ ಧಮ್ಮ ನಮ್ಮದು. ಕಾರ್ವರ್ ತಮ್ಮ ಎಷ್ಟೋ ತಯಾರಿಕೆಗಳ ವಿಧಾನವನ್ನು ಬರೆದಿಡಲಿಲ್ಲ. ಹಾಗಾಗಿ ಬೇರೆಯವರು ಅವನ್ನು ಪರೀಕ್ಷಿಸಲಾಗಲಿಲ್ಲ. ಕಡಲೆಕಾಯಿಯಿಂದ 300 ವಸ್ತು ಮಾಡಿದರು ಎಂಬ ಮಾತು ಪ್ರಸಿದ್ಧ. ಅವುಗಳಲ್ಲಿ ಮಾರುಕಟ್ಟೆಯಲ್ಲಿ ನಿಂತದ್ದು ಬಹಳ ಕಡಿಮೆ. ಪೀನಟ್ ಬಟರ್ ಕಂಡುಹಿಡಿದವರೂ ಅವರಲ್ಲ. 1930ರ ದಶಕದಲ್ಲಿ ಕಡಲೆಎಣ್ಣೆ ನೀವಿದರೆ ಪೋಲಿಯೋ ವಾಸಿಯಾಗುತ್ತದೆ ಎಂಬ ಸುದ್ದಿ ಹಬ್ಬಿ ಜನ ಸಾಲುಗಟ್ಟಿ ಬಂದರು. ಆ ಎಣ್ಣೆಯಲ್ಲಿ ಅಂಥ ಗುಣವಿರಲಿಲ್ಲ. ಬೆರಗು ತನ್ನ ಮೇಲಿನ ಪರೀಕ್ಷೆಯನ್ನು ಸಡಿಲ ಬಿಟ್ಟರೆ ಹೀಗಾಗುತ್ತದೆ. ಪ್ರೀತಿಸುವ ವ್ಯಕ್ತಿಯ ತಪ್ಪನ್ನು ಮುಚ್ಚಿಡುವುದು ಭಕ್ತಿ. ವ್ಯಕ್ತಿಪೂಜೆ ಬೇಡವೆಂದು ಬಾಬಾಸಾಹೇಬರು ಎಚ್ಚರಿಸಿದ್ದು ನಮಗೆ ನೆನಪಿರಬೇಕು.

*ಸಮತೆಯ ಪ್ರಶ್ನೆ*

ಇನ್ನೂ ಕಷ್ಟದ ಪ್ರಶ್ನೆ ಒಂದಿದೆ. ಕಾರ್ವರ್ ವರ್ಣಭೇದದ ವಿರುದ್ಧ ಬೀದಿಗಿಳಿಯಲಿಲ್ಲ. ಭಾಷಣ ಮಾಡಲಿಲ್ಲ. ಬುಕರ್ ವಾಷಿಂಗ್ಟನ್ ಅವರ ಹೊಂದಾಣಿಕೆಯ ದಾರಿಯಲ್ಲೇ ನಡೆದರು. ಆ ದಾರಿಯನ್ನು ಡಬ್ಲ್ಯು.ಇ.ಬಿ. ಡುಬೊಯಿಸ್ 1903ರಲ್ಲೇ ಕಟುವಾಗಿ ವಿಮರ್ಶಿಸಿದ್ದರು. ಬಾಬಾಸಾಹೇಬರು 1913ರಿಂದ 1916ರವರೆಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಕಾರ್ವರ್ ಟಸ್ಕೆಗೀಯಲ್ಲೇ ಇದ್ದರು. ಆದರೆ ಮುಂದೆ 1946ರಲ್ಲಿ ಬಾಬಾಸಾಹೇಬರು ಪತ್ರ ಬರೆದದ್ದು ಡುಬೊಯಿಸ್ ಅವರಿಗೆ. ವಿಶ್ವಸಂಸ್ಥೆಯ ಮುಂದೆ ಕಪ್ಪು ಜನ ಇಡುತ್ತಿದ್ದ ಮನವಿಯ ಪ್ರತಿ ಕೇಳಿ ಬರೆದ ಪತ್ರ ಅದು. ಹಕ್ಕು ಕೇಳದೆ ಸಿಗುವುದಿಲ್ಲ ಎಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ. ನಮಗೂ ಇಲ್ಲ.

ಬಾಬಾಸಾಹೇಬರು ಬೌದ್ಧ ಧಮ್ಮದಲ್ಲಿ ಮುಖ್ಯವಾಗಿ ಕಂಡದ್ದು ಪ್ರಜ್ಞೆ, ಕರುಣೆ, ಸಮತೆ. ಈ ಅಳತೆಗೋಲಿನಲ್ಲಿ ನೋಡಿದರೆ ಕಾರ್ವರ್ ಅವರ ಕರುಣೆ ತುಂಬಿ ತುಳುಕುತ್ತಿತ್ತು. ಪ್ರಜ್ಞೆ ಬಹುಮಟ್ಟಿಗೆ ಇತ್ತು. ಸಮತೆಯನ್ನು ಅವರು ಬದುಕಿದರು. ಅದಕ್ಕಾಗಿ ಸಂಘಟಿಸಿ ಹೋರಾಡಲಿಲ್ಲ. ಇದು ಕೊರತೆಯೇ. ಬೆರಗೊಂದಿದ್ದರೆ ಸಾಕು ಎನ್ನುವವರಿಗೆ ಅವರ ಬದುಕೇ ಎಚ್ಚರಿಕೆ.

*ನನ್ನ ಮಾತು*

ಹಾಗಾದರೆ ಅವರಿಂದ ಕಲಿಯುವುದೇನು? ನನ್ನದೇ ಒಂದು ವಿಷಯ ಹೇಳಿ ಮುಗಿಸುತ್ತೇನೆ. ನಮ್ಮವ್ವ ಬೇರೆಯವರ ಹೊಲದಲ್ಲಿ ಕೂಲಿಗೆ ಕಡಲೆಕಾಯಿ ಕೀಳಲು ಹೋಗುತ್ತಿದ್ದಳು. ಕಿತ್ತ ಹೊಲದಲ್ಲಿ ನಾವು ಮಕ್ಕಳು ಹಕ್ಕಲು ಆಯುತ್ತಿದ್ದೆವು. ಒಡೆಯ ಕಂಡರೆ ಬೈದು ಅಟ್ಟುತ್ತಿದ್ದ. ಅವ್ವನ ಬೊಕ್ಕೆ ಎದ್ದ ಅಂಗೈ, ಆ ಬೈಗುಳ, ಇವೇ ನನಗೆ ಕಡಲೆಕಾಯಿ. ಓದಿ ಮೇಷ್ಟ್ರಾದ ಮೇಲೆ ಹೊಲದ ಕಡೆ ತಿರುಗಿ ನೋಡಬಾರದು ಎಂದುಕೊಂಡಿದ್ದೆ. ಹೂವು, ಹಸಿರು ಎಂದು ಬರೆಯುವುದು ಜಮೀನಿದ್ದವರ ಕೆಲಸ ಎಂದು ತಿಳಿದಿದ್ದೆ.

ಮಣ್ಣನ್ನು ದ್ವೇಷಿಸಲು ನನಗಿಂತ ಹೆಚ್ಚು ಕಾರಣ ಕಾರ್ವರ್ ಅವರಿಗಿತ್ತು. ಹೊಲದ ಆಳಾಗಿ ಮಾರಾಟವಾದ ಜನ ಅವರದು. ಆದರೂ ಅದೇ ಮಣ್ಣಿನ ಮುಂದೆ ಅವರು ಒಡೆಯನ ಅಪ್ಪಣೆ ಕೇಳದೆ ಬಗ್ಗಿ ನೋಡಿದರು. ಭೂಮಿ ಅವರ ಹೆಸರಿಗೆ ಇರಲಿಲ್ಲ, ಬೆರಗು ಅವರದಾಗಿತ್ತು. ಅದನ್ನು ಓದಿದ ಮೇಲೆ ಈ ವರ್ಷ ಒಂದು ಕಡಲೆಕಾಯಿ ಗಿಡವನ್ನು ಬೇರುಸಮೇತ ತರಗತಿಗೆ ತಂದೆ. ಹಳದಿ ಹೂ ಅರಳುವುದು ಮೇಲೆ. ಫಲ ಕಟ್ಟಿದ ಮೇಲೆ ಹೂವಿನ ಬುಡದಿಂದ ಒಂದು ಕಡ್ಡಿಯಂಥ ಎಳೆ ಹೊರಟು, ಬಗ್ಗಿ, ಮಣ್ಣೊಳಗೆ ಇಳಿದು ಕತ್ತಲಲ್ಲಿ ಕಾಯಾಗುತ್ತದೆ. ನಲವತ್ತು ದಾಟಿದ ನಾನು ಅದನ್ನು ಮೊದಲ ಬಾರಿ ನಿಜವಾಗಿ ನೋಡಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ, ಕೂಲಿಕಾರರ ಮಗ, ಎಲ್ಲರಿಗಿಂತ ಮೊದಲು ಎದ್ದು ಬಂದು ಬೇರಿನ ಗಂಟುಗಳನ್ನು ಬೆರಳಲ್ಲಿ ಮುಟ್ಟಿ ನೋಡಿದ.

ಕಾರ್ವರ್ ಅಲ್ಲಿ ದೇವರನ್ನು ಕಂಡರು. ನಾವು ಪ್ರತೀತ್ಯ ಸಮುತ್ಪಾದವನ್ನು ಕಾಣಬಹುದು. ಸೂಕ್ಷ್ಮಜೀವಿ ಇದ್ದರೆ ಗಿಡ, ಗಿಡ ಇದ್ದರೆ ಸೂಕ್ಷ್ಮಜೀವಿ. ಹೂ, ಮಣ್ಣು, ಕತ್ತಲು, ಕೂಲಿಯವಳ ಅಂಗೈ ಎಲ್ಲವೂ ಸೇರಿ ಒಂದು ಕಾಯಿ. ಹೆಸರು ಬೇರೆಯಾದರೂ ನಿಂತು ನೋಡುವ ಕಣ್ಣು ಒಂದೇ. ಬಾಲಕ ಸಿದ್ಧಾರ್ಥ ತಂದೆಯ ಹೊಲದ ಬದಿಯಲ್ಲಿ ನೇರಳೆ ಮರದ ನೆರಳಿನಲ್ಲಿ ಕೂತು ಮನಸ್ಸು ತಿಳಿಯಾದ ಗಳಿಗೆ ಇತ್ತಲ್ಲ, ಮುಂದೆ ದೇಹದಂಡನೆಯಿಂದ ಸೋತು ಹೋದಾಗ ಅವರನ್ನು ದಾರಿಗೆ ತಂದದ್ದು ಆ ನೆನಪೇ. ಬಾಬಾಸಾಹೇಬರೂ ಅಷ್ಟು ಹೋರಾಟಗಳ ನಡುವೆ ದೆಹಲಿಯ ಮನೆಯಲ್ಲಿ ಆಸೆಪಟ್ಟು ತೋಟ ಬೆಳೆಸಿದವರು, ಇಳಿವಯಸ್ಸಿನಲ್ಲಿ ಪಿಟೀಲು ಕಲಿಯಲು ಕೂತವರು.

ಆ ಹುಡುಗಿಗೆ ಈಗ ಹೇಳುತ್ತೇನೆ. ಮಗಳೇ, ಅಜ್ಜಿಯ ಮುಖದಲ್ಲಿದ್ದದ್ದನ್ನು ಬಿಡಬೇಕಿರಲಿಲ್ಲ. ಅದನ್ನು ನಾವು ಅವಸರದಲ್ಲಿ ಕಳೆದುಕೊಂಡೆವು. ಹುಡುಕಿಕೊಳ್ಳೋಣ.

ಕಾರ್ವರ್ ತಮ್ಮ ಜೀವಮಾನದ ಉಳಿತಾಯ, ಸುಮಾರು 60 ಸಾವಿರ ಡಾಲರನ್ನು, ಮುಂದಿನ ಸಂಶೋಧಕರಿಗಾಗಿ ಸಂಸ್ಥೆಗೆ ಬಿಟ್ಟುಹೋದರು. ಅವರು ಹುಟ್ಟಿದ ಹೊಲ 1943ರಲ್ಲೇ ರಾಷ್ಟ್ರೀಯ ಸ್ಮಾರಕವಾಯಿತು. 700 ಡಾಲರಿಗೆ ಮಾರಾಟವಾದ ತಾಯಿಯ ಮಗನ ಹೆಸರಿನಲ್ಲಿ.

*ಇಂದಿನ ಅಭ್ಯಾಸ:* ನಾಳೆ ಬೆಳಿಗ್ಗೆ ಮೊಬೈಲ್ ಮುಟ್ಟುವ ಮೊದಲು ಹತ್ತು ನಿಮಿಷ ಯಾವುದಾದರೂ ಒಂದು ಗಿಡದ ಮುಂದೆ ಸುಮ್ಮನೆ ನಿಲ್ಲಿ. ತುಳಿದು ಬೆಳೆದ ಗರಿಕೆಯಾದರೂ ಆದೀತು. ಮಕ್ಕಳನ್ನೂ ಜೊತೆಗೆ ನಿಲ್ಲಿಸಿಕೊಳ್ಳಿ. ಕಂಡದ್ದನ್ನು ಭಾನುವಾರ ಬಳಗದಲ್ಲಿ ಹಂಚಿಕೊಳ್ಳೋಣ.

ಭವತು ಸಬ್ಬ ಮಂಗಲಂ.
ಜೈ ಭೀಮ್. 🙏